ಅವ್ವ ಹತ್ತಿದ ಸಣ್ಣ ಗಾಡಿ

ಹುಬ್ಬಳ್ಳಿಯ ರೈಲ್ವೆ ಮ್ಯೂಸಿಯಂ ಅಂಗಳಕ್ಕೆ ಕಾಲಿಟ್ಟು ಐದು ನಿಮಿಷ ಆಗಿರಲಿಲ್ಲ, ಅವ್ವ ಕಾಣೆಯಾಗಿದ್ದಳು. ಹುಡುಕಿಕೊಂಡು ಹೋದರೆ ಒಂದು ಪುಟ್ಟ ನ್ಯಾರೋಗೇಜ್ ಎಂಜಿನ್ನಿನ ಮುಂದೆ ನಿಂತಿದ್ದಳು. ದೇವರ ಕಟ್ಟೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವಂತೆ ಅದರ ಕಬ್ಬಿಣ ಮುಟ್ಟಿ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು. “ಇದ ನೋಡು ನಮ್ಮ ಸಣ್ಣ ಗಾಡಿ. ನಾ ಇದರಾಗೇ ಕುಂತು ಪಂಢರಪುರಕ್ಕ ಹೋಗಿದ್ನಿ” ಅಂದಳು. ನನಗೆ ಐವತ್ತು ದಾಟಿದೆ. ಈ ಮಾತನ್ನು ಅವಳ ಬಾಯಿಂದ ಕೇಳಿದ್ದು ಅವತ್ತೇ ಮೊದಲು.

ನಾವು ಹನ್ನೊಂದು ಮಂದಿ ಹೋಗಿದ್ದೆವು. ಅವ್ವ, ನನ್ನ ಅಣ್ಣನ ಕುಟುಂಬ, ತಂಗಿಯ ಮಕ್ಕಳು, ಓಣಿಯ ಎರಡು ಹುಡುಗರು, ಜತೆಗೆ ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್ ಆಗಿ ನಿವೃತ್ತರಾದ ಒಬ್ಬ ಮಾಮಾ. ಶನಿವಾರ, ಭಾನುವಾರ ಎರಡೇ ದಿನ ಕೈಯಲ್ಲಿತ್ತು. ಶೇಂಗಾ ಉಂಡಿ, ಜೋಳದ ರೊಟ್ಟಿ, ಕೆಂಪು ಚಟ್ನಿ ಕಟ್ಟಿಕೊಂಡು ಜಾತ್ರೆಗೆ ಹೊರಟವರ ಹಾಗೆ ಹೊರಟಿದ್ದೆವು. ನಮ್ಮ ಸಾಯಗಾಂವ ಭಾಲ್ಕಿ ತಾಲ್ಲೂಕಿನ ಊರು. ಮಹಾರಾಷ್ಟ್ರದ ಗಡಿ ಕೂಗಳತೆಯಲ್ಲಿದೆ ಅನ್ನಬಹುದು. ಊರಿಗೆ ರೈಲಿಲ್ಲ. ರೈಲು ಬೇಕೆಂದರೆ ಭಾಲ್ಕಿಗೋ ಕಮಲನಗರಕ್ಕೋ ಹೋಗಬೇಕು. ಆ ಹಳಿ ನಿಜಾಮರ ಕಾಲದ್ದು. ವಿಕಾರಾಬಾದಿನಿಂದ ಹೊರಟು ಬೀದರ್, ಭಾಲ್ಕಿ, ಕಮಲನಗರ, ಉದಗೀರ ಹಾದು ಪರಳಿ ವೈಜನಾಥಕ್ಕೆ ಮುಟ್ಟುತ್ತದೆ. ಮೂಡಣಕ್ಕೆ ಹೋದರೆ ತೆಲಂಗಾಣ, ಪಡುವಣಕ್ಕೆ ಹೋದರೆ ಮಹಾರಾಷ್ಟ್ರ. ಕರ್ನಾಟಕದ ಒಳಗೆ ಹೋಗಲು ಮಾತ್ರ ನಮಗೆ ನೇರ ಹಳಿ ಇರಲಿಲ್ಲ. ಬೀದರ್‌ನವರು ಕಲಬುರಗಿಗೆ ರೈಲಿನಲ್ಲೇ ಹೋಗುತ್ತೇವೆಂದರೆ ವಿಕಾರಾಬಾದ್, ತಾಂಡೂರು, ವಾಡಿ ಸುತ್ತಬೇಕಿತ್ತು. ಆ ಸುತ್ತಾಟ ತಪ್ಪಿದ್ದು 2017ರ ಅಕ್ಟೋಬರ್ 29ರಂದು, ಸುಮಾರು 110 ಕಿಲೋಮೀಟರಿನ ಬೀದರ್–ಕಲಬುರಗಿ ಮಾರ್ಗ ಉದ್ಘಾಟನೆಯಾದ ಮೇಲೆ.

ಆ ಹೊಸ ಹಳಿಯ ಮೇಲೇ ಹೋಗಬೇಕೆಂದು ಮಕ್ಕಳು ಹಟ ಹಿಡಿದಿದ್ದವು. ಬಸ್ಸಿನಲ್ಲಿ ಹುಮನಾಬಾದಿಗೆ ಹೋಗಿ, ಅಲ್ಲಿ ರೈಲು ಹತ್ತಿ, ಮರಗುತ್ತಿ ಬಳಿಯ ಸುರಂಗ ದಾಟಿ ಕಲಬುರಗಿ ಸೇರಿ, ಅಲ್ಲಿಂದ ರಾತ್ರಿ ಬಸ್ಸಿನಲ್ಲಿ ಹುಬ್ಬಳ್ಳಿ ಮುಟ್ಟಿದೆವು. ಸುರಂಗ ಒಂದೂವರೆ ಕಿಲೋಮೀಟರಿಗೂ ಹೆಚ್ಚು ಉದ್ದವಿದೆ. ಒಳಗೆ ಹೋಗುತ್ತಲೇ ಡಬ್ಬಿಯ ಮಕ್ಕಳೆಲ್ಲ ಒಟ್ಟಿಗೆ ಹೋ ಎಂದು ಕೂಗಿದರು. ಅವ್ವ ಕಣ್ಣು ಮುಚ್ಚಿ ವಿಠ್ಠಲ ವಿಠ್ಠಲ ಅನ್ನುತ್ತಿದ್ದಳು.

ಹುಬ್ಬಳ್ಳಿಯ ಮ್ಯೂಸಿಯಂ ಗದಗ ರಸ್ತೆಯಲ್ಲಿದೆ. ರೈಲ್ವೆ ಆಸ್ಪತ್ರೆಯ ಎದುರಿಗೆ, ನಿಲ್ದಾಣದ ಎರಡನೇ ದ್ವಾರಕ್ಕೆ ಹತ್ತಿರ. 2020ರ ಆಗಸ್ಟ್‌ನಲ್ಲಿ ತೆರೆಯಿತು. ಉತ್ತರ ಕರ್ನಾಟಕಕ್ಕೆ ಇದೇ ಮೊದಲ ರೈಲ್ವೆ ಮ್ಯೂಸಿಯಂ. ನೂರು ವರ್ಷ ದಾಟಿದ ಎರಡು ಹಳೆಯ ರೈಲ್ವೆ ಮನೆಗಳನ್ನು ರಿಪೇರಿ ಮಾಡಿ, ಒಂದಕ್ಕೆ ಮಲಪ್ರಭಾ, ಇನ್ನೊಂದಕ್ಕೆ ಘಟಪ್ರಭಾ ಎಂದು ಹೆಸರಿಟ್ಟು, ಅವುಗಳೊಳಗೆ ಹಳೆಯ ಸಾಮಾನು ಜೋಡಿಸಿದ್ದಾರೆ. ಅಂಗಳದಲ್ಲಿ ಎಂಜಿನ್ನು, ಡಬ್ಬಿಗಳು. ಸಿನಿಮಾ ತೋರಿಸುವ ಒಂದು ಬೋಗಿ, ಮಕ್ಕಳು ಹತ್ತುವ ಆಟದ ರೈಲು, ಚಹಾ ತಿಂಡಿಗೆ ಜಾಗ. ಇಷ್ಟನ್ನೇ ಓದಿದರೆ ಯಾವುದೇ ಪಾರ್ಕಿನ ವರ್ಣನೆ ಅನ್ನಿಸೀತು. ವಾರದ ಕೊನೆಯ ಎರಡು ದಿನ ಅಲ್ಲಿಗೆ ಬರುವ ಮಂದಿಯನ್ನು ನೋಡಿದರೆ ಹಾಗನ್ನಿಸುವುದಿಲ್ಲ. ಅಜ್ಜಂದಿರು ಇರುತ್ತಾರೆ, ಅವರ ಕೈ ಹಿಡಿದ ಮೊಮ್ಮಕ್ಕಳು ಇರುತ್ತಾರೆ. ಹುಬ್ಬಳ್ಳಿಯಲ್ಲಿ ರೈಲ್ವೆ ಅಂದರೆ ಎಷ್ಟೋ ಮನೆಗಳ ಅನ್ನ. ಸದರ್ನ್ ಮರಾಠಾ ರೈಲ್ವೆ ಹತ್ತೊಂಬತ್ತನೇ ಶತಮಾನದ ಎಂಬತ್ತರ ದಶಕದಲ್ಲಿ ಇಲ್ಲಿ ವರ್ಕ್‌ಶಾಪ್ ಕಟ್ಟಿತು. ಅಂದಿನಿಂದ ಫಿಟ್ಟರು, ಖಲಾಸಿ, ಡ್ರೈವರು, ಗಾರ್ಡು ಎಂದು ತಲೆತಲಾಂತರ ಅದೇ ಕೆಲಸ ಮಾಡಿದ ಮನೆತನಗಳಿವೆ. ಆ ಮನೆಗಳ ಹಿರಿಯರಿಗೆ ಗಾಜಿನ ಪೆಟ್ಟಿಗೆಯ ಕೆಳಗಿನ ಚೀಟಿ ಓದುವ ಅಗತ್ಯವಿಲ್ಲ. ಅವರೇ ಮಾತಾಡುವ ಚೀಟಿಗಳು.

ಈಗ ಅವ್ವನ ಗಾಡಿಯ ವಿಷಯ. ಅವಳು ಎಂಜಿನ್ನಿನ ನಂಬರು ಕೇಳಲಿಲ್ಲ, ಕಟ್ಟಿದವರ ಹೆಸರು ಕೇಳಲಿಲ್ಲ. ಹಳಿಯ ಅಗಲ ನೋಡಿದಳು, ಸಾಕಾಯಿತು. ಅವಳು ಹೇಳುತ್ತಿದ್ದ ಸಣ್ಣ ಗಾಡಿ ಎಂದರೆ ಬಾರ್ಸಿ ಲೈಟ್ ರೈಲ್ವೆ. ಗಡಿಯಾಚೆಯ ಲಾತೂರು ನಮ್ಮ ಸಾಯಗಾಂವದವರಿಗೆ ಸಂತೆ, ಸೋಯರಿಕೆ, ದವಾಖಾನೆ ಎಲ್ಲಕ್ಕೂ ಊರು. ಅಲ್ಲಿಂದ ಬಾರ್ಸಿ, ಕುರ್ಡುವಾಡಿ ದಾಟಿ ಪಂಢರಪುರಕ್ಕೆ, ಮುಂದೆ ಮೀರಜ್‌ವರೆಗೆ ಈ ಸಣ್ಣ ಗಾಡಿ ಓಡುತ್ತಿತ್ತು. ಮದುವೆಯಾದ ಮರುವರ್ಷ ಅತ್ತೆಯ ಜತೆ ಆಷಾಢದ ವಾರಿಗೆ, ಅಂದರೆ ವಿಠ್ಠಲನ ಯಾತ್ರೆಗೆ, ಹೋದದ್ದಂತೆ. ಡಬ್ಬಿಯೊಳಗೆ ಎದುರು ಬದುರು ಕೂತವರ ಮೊಣಕಾಲಿಗೆ ಮೊಣಕಾಲು ತಾಗುತ್ತಿತ್ತಂತೆ. ಏರು ಬಂದಾಗ ಗಾಡಿ ಎಷ್ಟು ಮೆಲ್ಲಗೆ ಹೋಗುತ್ತಿತ್ತೆಂದರೆ ಹುಡುಗರು ಇಳಿದು, ಪಕ್ಕದಲ್ಲಿ ನಡೆದು, ಮತ್ತೆ ಹತ್ತುತ್ತಿದ್ದರಂತೆ. ಕಲ್ಲಿದ್ದಲ ಹೊಗೆಗೆ ಬಿಳಿ ಸೆರಗು ಕಪ್ಪಾಗಿ, ಚಂದ್ರಭಾಗೆಯಲ್ಲಿ ತೊಳೆದರೂ ಹೋಗಲಿಲ್ಲವಂತೆ.

ಆ ಗಾಡಿಯನ್ನು ಸಣ್ಣದು ಎಂದು ಕಡೆಗಣಿಸಬಾರದು. ಜಗತ್ತಿನ ಲಘು ರೈಲ್ವೆಗಳ ಚರಿತ್ರೆಯಲ್ಲಿ ಬಾರ್ಸಿಗೆ ದೊಡ್ಡ ಜಾಗವಿದೆ. ಎವೆರಾರ್ಡ್ ಕ್ಯಾಲ್ತ್ರೋಪ್ ಎಂಬ ಬ್ರಿಟಿಷ್ ಎಂಜಿನಿಯರ್ ಇದನ್ನು ರೂಪಿಸಿದ. 1897ರಲ್ಲಿ ಬಾರ್ಸಿ ರೋಡ್‌ನಿಂದ, ಅಂದರೆ ಇವತ್ತಿನ ಕುರ್ಡುವಾಡಿಯಿಂದ, ಬಾರ್ಸಿ ಪಟ್ಟಣಕ್ಕೆ ಮೊದಲ ತುಂಡು ತೆರೆಯಿತು. ಬಾರ್ಸಿ ಆಗ ಹತ್ತಿಯ ದೊಡ್ಡ ಪೇಟೆ. 1911ಕ್ಕೆ ಹಳಿ ಲಾತೂರು ಮುಟ್ಟಿತು. 1927ಕ್ಕೆ ಪಂಢರಪುರದಿಂದ ಮೀರಜ್ ಸೇರಿತು. ಕ್ಯಾಲ್ತ್ರೋಪನ ಯೋಚನೆ ಸರಳ. ನಮ್ಮ ಎರೆಹೊಲದಲ್ಲಿ ಮಳೆಗಾಲಕ್ಕೆ ಬಂಡಿ ಹೊಡೆದವರಿಗೆ ಅದು ಕೂಡಲೇ ಅರ್ಥವಾಗುತ್ತದೆ. ಒಟ್ಟು ಭಾರ ಎಷ್ಟು ಎಂಬುದರಿಂದಲೇ ಗಾಲಿ ಹುಗಿಯುವುದಿಲ್ಲ. ಒಂದೊಂದು ಗಾಲಿಯ ಮೇಲೆ ಎಷ್ಟು ಬೀಳುತ್ತದೆ ಎಂಬುದರಿಂದ ಹುಗಿಯುತ್ತದೆ. ಎಂಜಿನ್ನಿಗಾಗಲಿ, ಡಬ್ಬಿಗಾಗಲಿ, ಗೂಡ್ಸ್ ವ್ಯಾಗನ್ನಿಗಾಗಲಿ ಒಂದು ಅಚ್ಚಿನ ಮೇಲೆ ಐದು ಟನ್ನಿಗಿಂತ ಹೆಚ್ಚು ಬೀಳಬಾರದು ಎಂದು ಆತ ನಿಯಮ ಮಾಡಿದ. ಭಾರ ಹೆಚ್ಚಾದರೆ ಗಾಲಿ ಹೆಚ್ಚಿಸು. ಎಲ್ಲ ಅಚ್ಚಿಗೂ ಒಂದೇ ಭಾರ ಹಂಚಿದರೆ ತೆಳ್ಳನೆಯ ಹಳಿ ಸಾಕು, ಸಣ್ಣ ಸೇತುವೆ ಸಾಕು. ಖರ್ಚು ಇಳಿಯುತ್ತದೆ. ಅಷ್ಟು ಖರ್ಚಿಗೆ ರೈಲು ಬರಲಾರದ ಊರಿಗೂ ರೈಲು ಬರುತ್ತದೆ.

ಗೇಜ್ ಎಂದರೆ ಎರಡು ಹಳಿಗಳ ಒಳ ಅಂಚಿನ ನಡುವಿನ ಅಂತರ. ಮಕ್ಕಳಿಗೆ ಅದನ್ನು ಗೇಣಿನ ಲೆಕ್ಕದಲ್ಲಿ ಹೇಳಿದೆ. ಬಾರ್ಸಿಯ ಅಗಲ 762 ಮಿಲಿಮೀಟರು, ದೊಡ್ಡವರ ಗೇಣಿನಲ್ಲಿ ಮೂರೂವರೆ. ಮೀಟರ್‌ಗೇಜ್ ನಾಲ್ಕೂವರೆ ಗೇಣು. ಭಾಲ್ಕಿಯ ಬ್ರಾಡ್‌ಗೇಜ್ 1676 ಮಿಲಿಮೀಟರು, ಏಳೂವರೆ ಗೇಣು. ಒಂದೇ ದೇಶದಲ್ಲಿ ಮೂರು ಅಳತೆ ಯಾಕೆ ಎಂದು ತಂಗಿಯ ಮಗಳು ಕೇಳಿದಳು. ಡಾಲ್‌ಹೌಸಿ ಕಾಲದಲ್ಲಿ ದೊಡ್ಡ ಅಳತೆಯೇ ಇರಲಿ ಎಂದು ಶುರು ಮಾಡಿದರು. 1870ರ ಹೊತ್ತಿಗೆ ಖರ್ಚು ಕೈ ಮೀರಿತು. ಆಗ ವೈಸ್‌ರಾಯ್ ಮೇಯೋ ಮೀಟರ್‌ಗೇಜ್ ಹಾಕಿಸಿದ. ಹುಬ್ಬಳ್ಳಿ, ಮೈಸೂರು ಕಡೆಯ ಹಳಿಗಳು ಹೀಗೆ ಮೀಟರ್‌ಗೇಜ್ ಆದವು. ಅದೂ ಭಾರವಾದ ಕಡೆ ನ್ಯಾರೋಗೇಜ್ ಬಂತು. ಅಗಲ ಬದಲಾಗುವ ಪ್ರತಿ ಜಂಕ್ಷನ್ನಿನಲ್ಲಿ ಹತ್ತಿಯ ಅಂಡಿಗೆ, ಜೋಳದ ಚೀಲ ಎಲ್ಲವನ್ನೂ ಹಮಾಲರು ಒಂದು ಗಾಡಿಯಿಂದ ಇಳಿಸಿ ಇನ್ನೊಂದಕ್ಕೆ ಹೊರಬೇಕಾಯಿತು. ಉಳಿಸಿದ ಹಣ ಅವರ ಬೆನ್ನಿನ ಮೇಲೆ ಬಿತ್ತು. 1992ರಲ್ಲಿ ಶುರುವಾದ ಯೂನಿಗೇಜ್ ಯೋಜನೆ ಬಹುಪಾಲು ಹಳಿಗಳನ್ನು ಬ್ರಾಡ್‌ಗೇಜ್ ಮಾಡಿತು. ಲಾತೂರು–ಕುರ್ಡುವಾಡಿ ತುಂಡು 2008ರ ಹೊತ್ತಿಗೆ ಅಗಲವಾಯಿತು. ಎಂಟು ವರ್ಷದ ನಂತರ, 2016ರ ಏಪ್ರಿಲ್‌ನಲ್ಲಿ, ಲಾತೂರಿನ ನಲ್ಲಿಗಳು ಬತ್ತಿದಾಗ ಮೀರಜ್‌ನಿಂದ ನೀರು ಹೊತ್ತ ರೈಲು ಬಂದದ್ದು ಈ ದಾರಿಯಲ್ಲೇ. ಮೊದಲ ಗಾಡಿ ತಂದದ್ದು ಹತ್ತು ವ್ಯಾಗನ್, ಸುಮಾರು 5 ಲಕ್ಷ ಲೀಟರ್ ನೀರು. ಮಾಂಜ್ರಾ ನದಿ ಬತ್ತಿದ ಆ ಬೇಸಿಗೆ ನಮ್ಮ ಕಡೆಯವರಿಗೂ ನೆನಪಿದೆ. ವಾರಕರಿಗಳನ್ನು ಪಂಢರಪುರಕ್ಕೆ ಒಯ್ಯುತ್ತಿದ್ದ ದಾರಿಯಲ್ಲಿ ನೀರು ತಿರುಗಿ ಬಂತು ಎಂದು ಅವ್ವ ಹೇಳಿದಳು. ಅದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ.

ಇಷ್ಟು ಹೊತ್ತೂ ಮಾಮಾ ಮಾತಾಡಿರಲಿಲ್ಲ. ಒಳಗೆ ಹಳೆಯ ಸಾಮಾನು ನೋಡುತ್ತ ನಿಂತವರು ಮೆಲ್ಲಗೆ ತೋಳಿನ ಅಂಗಿ ಮಡಚಿದರು. ಮೊಣಕೈ ಕೆಳಗೆ ಅರ್ಧ ಚಂದ್ರದಂಥ ಒಂದು ಗಾಯದ ಗುರುತು. “ಇದು ಟೋಕನ್ ಬಳಿ ಬಡಿದದ್ದು” ಅಂದರು. ಮಕ್ಕಳು ಮುತ್ತಿಕೊಂಡವು.

ಟೋಕನ್ ಎಂದರೇನು ಎಂದು ಬಾಯಿಮಾತಲ್ಲಿ ಹೇಳಿದರೆ ತಲೆಗೆ ಹತ್ತುವುದಿಲ್ಲ ಎಂದು ಮಾಮಾ ಎಲ್ಲರನ್ನೂ ಹೊರಗೆ ಹುಲ್ಲಿನ ಮೇಲೆ ಕರೆದುಕೊಂಡು ಹೋದರು. ಹೆಗಲ ಮೇಲಿನ ಟವೆಲ್ ತೆಗೆದು ಹಗ್ಗದಂತೆ ಹೊಸೆದು, ತುದಿಗೆ ತುದಿ ಗಂಟು ಹಾಕಿ ಬಳೆ ಮಾಡಿದರು. ಗಂಟಿನ ಮಡಿಕೆಯಲ್ಲಿ ಒಂದು ಶೇಂಗಾ ಉಂಡಿಯನ್ನು ಕಾಗದದಲ್ಲಿ ಸುತ್ತಿ ಇಟ್ಟರು. ಹುಲ್ಲಿನ ಆ ತುದಿಗೆ ಅಣ್ಣನ ಮಗನನ್ನು ನಿಲ್ಲಿಸಿದರು, ಅದು ಭಾಲ್ಕಿ. ಈ ತುದಿಗೆ ತಾವು ನಿಂತರು, ಇದು ಕಮಲನಗರ. ನಡುವೆ ಒಂಟಿ ಹಳಿ. ಹುಡುಗರೆಲ್ಲ ಎಂಜಿನ್.

“ಕೇಳ್ರಿ. ಈ ಉಂಡಿ ಯಾರ ಕೈಯಾಗ ಐತಿ, ಹಳಿ ಅವರದು. ಉಂಡಿ ಇಲ್ಲದವ ಒಂದ್ ಹೆಜ್ಜಿನೂ ಇಡಂಗಿಲ್ಲ.”

ಒಬ್ಬ ಹುಡುಗ ಕಮಲನಗರದಿಂದ ಓಡಿ ಬಂದ. ಮಾಮಾ ಟವೆಲ್ ಬಳೆಯನ್ನು ಎತ್ತಿ ಹಿಡಿದರು. ಹುಡುಗ ಓಡುತ್ತಲೇ ಅದರೊಳಗೆ ತೋಳು ತೂರಿಸಿ ಎಳೆದುಕೊಂಡು ಹೋದ. ಅದೇ ಹೊತ್ತಿಗೆ ಭಾಲ್ಕಿಯಿಂದ ಇನ್ನೊಬ್ಬ ಓಡಲು ಶುರು ಮಾಡಿದ. ಮಾಮಾ ಕೂಗಿದರು, “ನಿಲ್ಲೋ! ನಿನ್ನ ಕೈಯಾಗ ಉಂಡಿ ಎಲ್ಲೈತಿ?” ಅವನು ನಿಂತ. ಮೊದಲನೆಯವ ಮುಟ್ಟಿ, ಉಂಡಿ ಅಣ್ಣನ ಮಗನ ಕೈಗೆ ಬಂದ ಮೇಲೆಯೇ ಅವನಿಗೆ ಅದು ಸಿಕ್ಕಿತು, ಹಳಿಯೂ ಸಿಕ್ಕಿತು. ಒಂಟಿ ಹಳಿಯ ಮೇಲೆ ಎರಡು ರೈಲು ಎದುರು ಬದುರು ಬರದಂತೆ ದಶಕಗಟ್ಟಲೆ ಕಾದ ಪದ್ಧತಿ ಇಷ್ಟೇ.

ನಿಜವಾದ ಸ್ಟೇಷನ್ನಿನಲ್ಲಿ ಉಂಡಿಯ ಜಾಗದಲ್ಲಿ ಉಕ್ಕಿನ ಗುಂಡು ಇರುತ್ತಿತ್ತು. ನೀಲ್ಸ್ ಬಾಲ್ ಟೋಕನ್ ಎಂದು ಅದರ ಹೆಸರು. ಯಾವ ಎರಡು ಸ್ಟೇಷನ್ನುಗಳ ನಡುವೆ ಅದು ನಡೆಯುತ್ತದೆ ಎಂಬುದನ್ನು ಗುಂಡಿನ ಮೇಲೆಯೇ ಕೆತ್ತಿರುತ್ತಿದ್ದರು. ಎರಡೂ ಕಡೆ ಒಂದೊಂದು ಯಂತ್ರ, ಎರಡಕ್ಕೂ ನಡುವೆ ವಿದ್ಯುತ್ ತಂತಿ. ಆ ಕಡೆಯ ಮಾಸ್ತರರು ಗಂಟೆ ಬಾರಿಸಿ ಒಪ್ಪಿಗೆ ಕೊಡುವವರೆಗೆ ಈ ಕಡೆಯ ಯಂತ್ರ ಗುಂಡು ಬಿಡುವುದಿಲ್ಲ. ಒಂದು ಗುಂಡು ಹೊರಬಿತ್ತೆಂದರೆ ಎರಡೂ ಯಂತ್ರಕ್ಕೆ ಬೀಗ. ಆ ಗುಂಡು ಆಚೆಯ ಯಂತ್ರದೊಳಗೆ ಬೀಳುವ ತನಕ ಎರಡನೆಯದು ಹೊರಬರುವಂತಿಲ್ಲ. ಗುಂಡನ್ನು ತೊಗಲಿನ ಚೀಲದಲ್ಲಿ ಹಾಕಿ, ಬೆತ್ತದ ದೊಡ್ಡ ಬಳೆಗೆ ಕಟ್ಟಿ, ನಿಲ್ಲದೆ ಹೋಗುವ ಗಾಡಿಗೆ ಪಾಯಿಂಟ್ಸ್‌ಮನ್ ಎತ್ತಿ ಹಿಡಿಯಬೇಕು. ಮಳೆಯಿರಲಿ, ರಾತ್ರಿಯಿರಲಿ. ಎಂಜಿನ್ನಿನವರು ಹಿಂದಿನ ತುಂಡಿನ ಬಳೆ ಎಸೆಯುತ್ತಾರೆ, ಮುಂದಿನದನ್ನು ತೋಳಿನಲ್ಲಿ ಸಿಗಿಸಿಕೊಳ್ಳುತ್ತಾರೆ. ಎಸೆದ ಬಳೆ ಒಮ್ಮೆ ಮಾಮಾನ ತೋಳಿಗೆ ಬಡಿಯಿತು. ಆ ಗುರುತೇ ಅದು. “ನೋವಾತು. ಆದ್ರ ಗುಂಡು ಹುಡುಕೂದು ಮೊದಲ. ಗುಂಡು ಸಿಗದಿದ್ರ ಲೈನೇ ಬಂದ್” ಅಂದರು.

ನಮ್ಮ ಹುಡುಗರ ಓಟ ನೋಡಿ ಬೇರೆ ಮಕ್ಕಳೂ ಬಂದವು. ಧಾರವಾಡದ ಒಂದು ಕುಟುಂಬ, ಗದಗಿನವರು, ಹುಬ್ಬಳ್ಳಿಯ ಹತ್ತಾರು ಮಂದಿ. ಇಪ್ಪತ್ತು ಎಂಜಿನ್ನು ಸಾಲಿನಲ್ಲಿ ನಿಂತವು. ಬಿಳಿ ಟೋಪಿಯ ಒಬ್ಬ ಹಿರಿಯರು ಬಂದು ಮಾಮಾನ ಪಕ್ಕ ನಿಂತು, ಏನೂ ಕೇಳದೆ, ಆಚೆ ತುದಿಯ ಸ್ಟೇಷನ್ ತಾವು ವಹಿಸಿಕೊಂಡರು. ಆಮೇಲೆ ತಿಳಿಯಿತು, ಅವರೂ ರೈಲ್ವೆಯವರೇ. ಒಬ್ಬರು ದಕ್ಷಿಣ ಮಧ್ಯ ರೈಲ್ವೆ, ಇನ್ನೊಬ್ಬರು ನೈಋತ್ಯ ರೈಲ್ವೆ. ಮಾತು ಬೇರೆ, ಆದರೆ ಕೈ ಎತ್ತುವ ರೀತಿ ಒಂದೇ. ಅರ್ಧ ತಾಸಿನಲ್ಲಿ ಶೇಂಗಾ ಉಂಡಿಯ ಡಬ್ಬಿ ಖಾಲಿಯಾಯಿತು, ಯಾಕೆಂದರೆ ಗುಂಡು ಮುಟ್ಟಿಸಿದವರಿಗೆ ಗುಂಡೇ ಬಹುಮಾನ.

ಕುಟುಂಬಗಳ ವಾರಾಂತ್ಯದ ಹಬ್ಬ ಎಂದು ಹೊರದೇಶದ ರೈಲ್ವೆ ಮ್ಯೂಸಿಯಂಗಳು ಮಾಡುವುದು ಇದನ್ನೇ. ಅಲ್ಲಿ ಅದನ್ನು ತಿಂಗಳು ಮೊದಲೇ ಯೋಜಿಸುತ್ತಾರೆ. ಉಗಿ ಎಂಜಿನ್ನಿಗೆ ಬೆಂಕಿ ಹಾಕಿ ನಾಲ್ಕು ಹೆಜ್ಜೆ ಓಡಿಸುತ್ತಾರೆ, ಕೈಯಿಂದ ಒತ್ತಿ ಓಡಿಸುವ ಟ್ರಾಲಿ ಹತ್ತಿಸುತ್ತಾರೆ, ಮಕ್ಕಳಿಂದ ಟಿಕೆಟ್ ಪಂಚ್ ಮಾಡಿಸುತ್ತಾರೆ. ಆ ಕೆಲಸವನ್ನೆಲ್ಲ ಮಾಡುವವರು ಬಹುಪಾಲು ಸಂಬಳವಿಲ್ಲದ ಸ್ವಯಂಸೇವಕರು, ಅವರಲ್ಲಿ ಹಲವರು ನಿವೃತ್ತರು. ಇದರ ಬೇರು ವೇಲ್ಸ್‌ನಲ್ಲಿದೆ. ಅಲ್ಲಿ ಸ್ಲೇಟ್ ಕಲ್ಲು ಸಾಗಿಸುತ್ತಿದ್ದ ತಾಲಿಲಿನ್ ಎಂಬ ಪುಟ್ಟ ರೈಲ್ವೆ ಮುಚ್ಚುವ ಸ್ಥಿತಿಗೆ ಬಂದಾಗ 1950ರಲ್ಲಿ ಒಂದಷ್ಟು ಜನ ಬರ್ಮಿಂಗ್‌ಹ್ಯಾಮ್‌ನಲ್ಲಿ ಸಭೆ ಸೇರಿ ಸಂಘ ಕಟ್ಟಿದರು. 1951ರಿಂದ ತಾವೇ ಓಡಿಸಿದರು. ಸ್ವಯಂಸೇವಕರು ಉಳಿಸಿ ನಡೆಸಿದ ಜಗತ್ತಿನ ಮೊದಲ ರೈಲ್ವೆ ಅದು. ಮಕ್ಕಳಿಗೆಲ್ಲ ಗೊತ್ತಿರುವ ಥಾಮಸ್ ಎಂಜಿನ್ನಿನ ಕತೆಗಾರ ಆಡ್ರಿ ಕೂಡ ಅಲ್ಲಿ ಕೆಲಸ ಮಾಡಿದವನು. ಅದರ ಅಗಲ ನಮ್ಮ ಬಾರ್ಸಿಗಿಂತ ಕಿರಿದು. ಬಾರ್ಸಿಗೆ ಅಂಥ ಸಂಘ ಸಿಗಲಿಲ್ಲವಲ್ಲ ಎಂಬ ಸಂಕಟ ನನ್ನದು.

ನಮ್ಮ ದೇಶಕ್ಕೂ ರೈಲ್ವೆ ಮ್ಯೂಸಿಯಂ ಹೊಸದೇನಲ್ಲ. ದೆಹಲಿಯಲ್ಲಿ 1977ರಲ್ಲಿ ರಾಷ್ಟ್ರೀಯ ರೈಲು ಮ್ಯೂಸಿಯಂ ಶುರುವಾಯಿತು. ಅದರ ಎರಡೇ ವರ್ಷಕ್ಕೆ, 1979ರಲ್ಲಿ, ಮೈಸೂರಿನದು. ಮೈಸೂರಿನಲ್ಲಿ 1899ರ ಮಹಾರಾಣಿಯ ಸಲೂನ್ ಇದೆ, ಅಡುಗೆಮನೆ, ಊಟದ ಜಾಗ ಎಲ್ಲ ಇರುವ ಓಡುವ ಅರಮನೆ. ರಸ್ತೆಯ ಆಸ್ಟಿನ್ ಕಾರಿಗೆ ರೈಲಿನ ಗಾಲಿ ಕೂಡಿಸಿದ ಒಂದು ಬಂಡಿಯಿದೆ. ಮಕ್ಕಳು ಸಲೂನಿನ ಕಿಟಕಿಗಿಂತ ಆ ಕಾರಿನ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತಾರೆ. ನಾಲ್ಕು ದಶಕದಿಂದ ಮೈಸೂರಿನ ಮನೆಗಳ ಭಾನುವಾರಗಳಲ್ಲಿ ಆ ಅಂಗಳದ ಆಟದ ರೈಲು ಸೇರಿಕೊಂಡಿದೆ. ಅಲ್ಲಿ ಹತ್ತಿದ ಮಕ್ಕಳು ಈಗ ತಮ್ಮ ಮಕ್ಕಳನ್ನು ಹತ್ತಿಸುತ್ತಿದ್ದಾರೆ.

ಮೈಸೂರಿಗೆ ಅರಸರ ಮೀಟರ್‌ಗೇಜ್ ಕತೆ ಸಿಕ್ಕಿತು. ಹುಬ್ಬಳ್ಳಿಗೆ ಸದರ್ನ್ ಮರಾಠಾದ ಕತೆ ಸಿಕ್ಕಿತು. ನಮ್ಮ ಬೀದರ್, ಭಾಲ್ಕಿ, ಔರಾದ್ ಕಡೆಯ ಕತೆ ಎಲ್ಲಿ ಹೋಗಬೇಕು?

ಇದು ಭಾವುಕತೆಯ ಪ್ರಶ್ನೆಯಲ್ಲ, ಆಡಳಿತದ ಪ್ರಶ್ನೆ. ನಿಜಾಮರ ರಾಜ್ಯದ ಮೊದಲ ಹಳಿ 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ಹೋಯಿತು. ಶುರುವಾದ ವಾಡಿ ಈಗ ಕಲಬುರಗಿ ಜಿಲ್ಲೆಯ ಊರು. ಆ ರೈಲ್ವೆಯೇ ಬೆಳೆದು ಬೀದರ್, ಭಾಲ್ಕಿ ದಾಟಿ ಪರಳಿಗೆ ಬಂತು. ರಾಜ್ಯ ವಿಲೀನವಾದ ಮೇಲೆ ನಿಜಾಮರ ರೈಲ್ವೆ 1951ರಲ್ಲಿ ಸೆಂಟ್ರಲ್ ರೈಲ್ವೆಯ ಪಾಲಾಯಿತು. 1966ರ ಅಕ್ಟೋಬರ್ 2ರಂದು ದಕ್ಷಿಣ ಮಧ್ಯ ರೈಲ್ವೆ ಹುಟ್ಟಿ ಬೀದರ್ ಅದರ ಕೈಗೆ ಬಂತು, ಕಚೇರಿ ಸಿಕಂದರಾಬಾದಿನಲ್ಲಿ. ಕಲಬುರಗಿ ಮಾತ್ರ ಈಗ ಸೋಲಾಪುರ ವಿಭಾಗದಲ್ಲಿ, ಅಂದರೆ ಮುಂಬೈ ಕಡೆಯ ಸೆಂಟ್ರಲ್ ರೈಲ್ವೆಯಲ್ಲಿ. 2003ರಲ್ಲಿ ಹುಬ್ಬಳ್ಳಿಯಲ್ಲಿ ನೈಋತ್ಯ ರೈಲ್ವೆ ಶುರುವಾದಾಗಲೂ ಈ ಎರಡೂ ಊರು ಅದರೊಳಗೆ ಬರಲಿಲ್ಲ. ಕಲ್ಯಾಣ ಕರ್ನಾಟಕದ ಹಳಿ ಹೀಗೆ ಮೂರು ಮನೆಗಳಲ್ಲಿ ಹಂಚಿಹೋಗಿದೆ. ಪ್ರತಿ ಮನೆಯೂ ತನ್ನ ಮನೆತನದ ವಸ್ತುಗಳನ್ನು ಜೋಪಾನ ಮಾಡುತ್ತದೆ, ಅದು ಸಹಜ. ಗಡಿಯಲ್ಲಿ ಬಿದ್ದ ನಮ್ಮಂಥವರ ಗುಂಡು, ಕಂದೀಲು, ನೆನಪು ಯಾರ ಯಂತ್ರಕ್ಕೂ ಬೀಳುವುದಿಲ್ಲ.

ಹಾಗೆಂದು ಬೀದರ್‌ಗೆ ಕೋಟಿಗಟ್ಟಲೆ ಖರ್ಚಿನ ಮ್ಯೂಸಿಯಂ ಕಟ್ಟಿ ಎಂದು ನಾನು ಮೊದಲ ಮಾತಿಗೇ ಕೇಳುವುದಿಲ್ಲ. ಕಟ್ಟಡ ಎದ್ದು, ಚೀಟಿ ಅಂಟಿಸಿ, ಬೀಗ ಹಾಕುವಷ್ಟರಲ್ಲಿ ಮಾಮಾನಂಥವರು ಇರುವುದಿಲ್ಲ. ಮೊದಲು ಹಬ್ಬವಾಗಲಿ. ಭಾಲ್ಕಿಯಲ್ಲೋ ಬೀದರ್‌ನಲ್ಲೋ, ಓಡುವ ಹಳಿಯಿಂದ ದೂರ, ಬೇಲಿ ಹಾಕಿದ ಒಂದು ಅಂಗಳ ಸಾಕು. ಒಂದು ಶನಿವಾರ, ಒಂದು ಭಾನುವಾರ. ನನ್ನನ್ನು ಕೇಳಿದರೆ ಅಕ್ಟೋಬರ್ 29ರ ಆಸುಪಾಸು. ಅದು ಕಲಬುರಗಿ ಮಾರ್ಗ ತೆರೆದ ದಿನ. ಆ ಹೊತ್ತಿಗೆ ಸೋಯಾ ರಾಶಿ ಮುಗಿದಿರುತ್ತದೆ, ಮಳೆ ಹಿಂದೆ ಸರಿದಿರುತ್ತದೆ. ನಮ್ಮ ಬೇಸಿಗೆಯಲ್ಲಿ ಮಕ್ಕಳನ್ನು ಬಯಲಲ್ಲಿ ಓಡಿಸುವಂತಿಲ್ಲ.

ನಿವೃತ್ತ ಗ್ಯಾಂಗ್‌ಮನ್‌ಗಳು ಬರಲಿ, ಕೀಮನ್‌ಗಳು ಬರಲಿ. ಹೆಗಲ ಮೇಲೆ ಉದ್ದ ಸುತ್ತಿಗೆ ಹೊತ್ತು ದಿನಾ ಮೈಲುಗಟ್ಟಲೆ ನಡೆದು, ಸಡಿಲಾದ ಕೀಲಿಗಳನ್ನು ಬಡಿದು ಬಿಗಿ ಮಾಡುತ್ತಿದ್ದ ಕೀಮನ್‌ಗೆ ಹಳಿಯ ಸದ್ದಿನಿಂದಲೇ ದೋಷ ತಿಳಿಯುತ್ತಿತ್ತು. ಒಂದು ಗಟ್ಟಿ ಹಳಿಯ ತುಂಡು, ಒಂದು ಬಿರುಕು ಬಿಟ್ಟ ತುಂಡು ಪಕ್ಕ ಪಕ್ಕ ಇಟ್ಟು ಮಕ್ಕಳ ಕೈಗೆ ಸುತ್ತಿಗೆ ಕೊಟ್ಟರೆ ಅವರ ಕಿವಿಯೇ ಕಲಿಯುತ್ತದೆ. ಗಟ್ಟಿ ರಟ್ಟಿನ ಹಳೆಯ ಟಿಕೆಟ್ ಇರಲಿ. ಥಾಮಸ್ ಎಡ್ಮಂಡ್‌ಸನ್ ಎಂಬ ಇಂಗ್ಲೆಂಡಿನ ಸ್ಟೇಷನ್ ಮಾಸ್ತರ ಮಾಡಿದ ಆ ಪುಟ್ಟ ರಟ್ಟು ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಜಗತ್ತಿನ ಬಹುಪಾಲು ರೈಲು ಪ್ರಯಾಣಿಕರ ಜೇಬಿನಲ್ಲಿತ್ತು. ತಾರೀಖಿನ ಯಂತ್ರದಲ್ಲಿ ಅದನ್ನು ಸಿಗಿಸಿ ಟಕ್ಕೆಂದು ಒತ್ತುವ ಸದ್ದು ನಲವತ್ತು ದಾಟಿದ ಯಾರಿಗೂ ಮರೆತಿರುವುದಿಲ್ಲ. ವಾರಿಗೆ ಹೋದ ಹೆಣ್ಣುಮಕ್ಕಳು ಬರಲಿ, ಅವರ ಪ್ರಯಾಣದ ಕತೆಯನ್ನು ಯಾರಾದರೂ ಫೋನಿನಲ್ಲಿ ಧ್ವನಿ ಹಿಡಿದು ಇಟ್ಟುಕೊಳ್ಳಲಿ. ಹೊಸ ಮಾರ್ಗಕ್ಕೆ ಹೊಲ ಕೊಟ್ಟ ರೈತರೂ ಬರಲಿ, ಹಳಿಯ ಕತೆಯಲ್ಲಿ ಅವರದೂ ಒಂದು ಪಾಲಿದೆ. ಫಲಕಗಳನ್ನು ಕನ್ನಡದಲ್ಲಿ ಬರೆಯಲಿ, ಪಕ್ಕದಲ್ಲಿ ಮರಾಠಿ, ಉರ್ದು, ತೆಲುಗು ಇರಲಿ. ನಿಜಾಮರ ರೈಲಿನಲ್ಲಿ ಈ ನಾಲ್ಕೂ ಭಾಷೆ ಒಂದೇ ಬೆಂಚಿನ ಮೇಲೆ ಕೂತು ಹೋದವು.

ಊಟದ ಮಾತು ಬಿಡಬಾರದು. ಹಬ್ಬ ಎಂದ ಮೇಲೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಉಂಡಿ ಇರಲೇಬೇಕು. ಉಂಡಿ ಹೆಚ್ಚೇ ಇರಲಿ.

ಭಾನುವಾರ ಮಧ್ಯಾಹ್ನ ಮ್ಯೂಸಿಯಂ ಬಿಡುವಾಗ ಅವ್ವ ಮತ್ತೊಮ್ಮೆ ಸಣ್ಣ ಎಂಜಿನ್ನಿನ ಹತ್ತಿರ ಹೋದಳು. ಹುಬ್ಬಳ್ಳಿ ನಿಲ್ದಾಣದ ಪ್ಲಾಟ್‌ಫಾರ್ಮು 1507 ಮೀಟರು, ಜಗತ್ತಿನಲ್ಲೇ ಉದ್ದದ್ದು ಎಂದು ಗಿನ್ನೆಸ್ ದಾಖಲೆಗೆ ಸೇರಿದೆ, ಅದನ್ನೂ ನೋಡೋಣ ಬಾ ಎಂದು ಅಣ್ಣ ಕರೆದ. “ನೀವ ನಡ್ರಿ, ನಾ ಇಲ್ಲೇ ಕುಂಡ್ರತೀನಿ” ಎಂದು ನೆರಳಿಗೆ ಕೂತಳು. ನಾವು ತಿರುಗಿ ಬರುವಷ್ಟರಲ್ಲಿ ಅವಳ ಸುತ್ತ ಗುರುತಿಲ್ಲದ ಐದಾರು ಮಕ್ಕಳು ಕೂತಿದ್ದವು. ಅವ್ವ ಬಾರ್ಸಿಯ ಏರಿನಲ್ಲಿ ಇಳಿದು ನಡೆದ ಹುಡುಗರ ಕತೆ ಹೇಳುತ್ತಿದ್ದಳು.

ಮರುದಿನ ಬೆಳಿಗ್ಗೆ ಕಲಬುರಗಿಯಲ್ಲಿ ರೈಲು ಹತ್ತಿದೆವು. ತಂಗಿಯ ಮಗಳು ಕಿಟಕಿಯ ಪಕ್ಕ ಕೂತು ಒಂದು ನೋಟ್‌ಬುಕ್ ತೆಗೆದಳು. ಸಾಯಗಾಂವದಲ್ಲಿ ಯಾರ ಮನೆಯಲ್ಲಿ ರೈಲಿನ ಯಾವ ವಸ್ತುವಿದೆ ಎಂದು ಬರೆಯಬೇಕಂತೆ. ಒಂದು, ಮಾಮಾನ ಮೂರು ಬಣ್ಣದ ಕಂದೀಲು, ಹಸಿರು ಗಾಜು ಒಡೆದಿದೆ. ಎರಡು, ಅವರದೇ ಸೀಟಿ. ಮೂರು, ಅಜ್ಜಿ ಪಂಢರಪುರದಿಂದ ತಂದ ತುಳಸಿಮಾಲೆ. ಅದು ರೈಲಿನ ವಸ್ತುವಲ್ಲ ಎಂದು ಅಣ್ಣನ ಮಗ ತಕರಾರು ಮಾಡಿದ. ರೈಲಿನಲ್ಲಿ ಬಂದದ್ದು ತಾನೇ ಎಂದು ಅವಳು ಅಳಿಸಲಿಲ್ಲ. ಹಿತ್ತಲಲ್ಲಿ ಕಟ್ಟೆಯಾಗಿ ಕೂತಿರುವ ಹಳೆಯ ಮರದ ಸ್ಲೀಪರು, ಓಣಿಯ ಶಾಲೆಯಲ್ಲಿ ಗಂಟೆಯಾಗಿ ತೂಗುವ ಹಳಿಯ ತುಂಡು ಒಂದೊಂದಾಗಿ ಸೇರಿದವು. ಅವ್ವ ಏನೋ ನೆನಪಾದವಳಂತೆ ಮುಂದೆ ಬಾಗಿ, “ಬರಿ, ಆ ಸೀರಿ ಇನ್ನೂ ಪೆಟ್ಟಿಗ್ಯಾಗ ಐತಿ, ಹೊಗಿ ಕಲಿ ಹೋಗಿಲ್ಲ” ಅಂದಳು. ಆರು ಎಂದು ಹುಡುಗಿ ಅಂಕಿ ಹಾಕುವಷ್ಟರಲ್ಲಿ ಗಾಡಿ ಮರಗುತ್ತಿ ಸುರಂಗ ಹೊಕ್ಕಿತು. ಎಲ್ಲರೂ ಕೂಗಿದರು. ಅವಳು ಮಾತ್ರ ಕೂಗದೆ, ಪೆನ್ನನ್ನು ಹಾಳೆಯ ಮೇಲೆ ಹಾಗೇ ಹಿಡಿದುಕೊಂಡು ಬೆಳಕಿಗೆ ಕಾಯುತ್ತಿದ್ದಳು.